ಒಂದು ರಾತ್ರಿಯ ಅಡ್ಮಿಷನ್ ಬೇಡ ಎಂದು ನಾನು ಹೇಳಿದ್ದೇಕೆ

ಒಬ್ಬರೇ ಬಂದು ಕೇಳಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕೋವಿಡ್ ಅಥವಾ ಇನ್ನಾವುದೋ ಜ್ವರ ಬಂದು ಹೋದ ಮೇಲೆ ಮೊದಲಿನಂತಾಗದೆ, ತಿಂಗಳುಗಟ್ಟಲೆ ಸುಸ್ತಿನಲ್ಲೇ ಬದುಕುತ್ತಿರುವ ಹಲವರು ಔಷಧಿಯ ಬಿಲ್ಲುಗಳನ್ನು ಹಿಡಿದು ಬಂದು ಕೇಳುವುದು ಇದನ್ನೇ: "ಒಂದು ರಾತ್ರಿ ಆಸ್ಪತ್ರೆಗೆ ಸೇರಿದರೆ ಇನ್ಶೂರೆನ್ಸ್ ಸಿಗುತ್ತದಂತೆ, ಸೇರಿಬಿಡಲೇ?" ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ. ನನ್ನಲ್ಲಿಗೆ ಸಲಹೆಗೆ ಬಂದದ್ದು ನಿದ್ದೆ ಬಾರದ ಕಾರಣಕ್ಕೆ. ರಕ್ತಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲವೂ ಸರಿಯಿದ್ದವು. ಸುತ್ತಾಡಿ ಸುಸ್ತಾದ ಮೇಲೆ ಒಬ್ಬ ವೈದ್ಯರು ಇದು ಮಯಾಲ್ಜಿಕ್ ಎನ್ಸೆಫಲೋಮೈಲಿಟಿಸ್, ಅಂದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ (ದೀರ್ಘಕಾಲ ಬಿಡದ ಸುಸ್ತಿನ ಕಾಯಿಲೆ) ಎಂದು ಹೇಳಿದ್ದರು. ಈ ಕಾಯಿಲೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಇದುವರೆಗೆ ಯಾವ ಔಷಧಿಯನ್ನೂ ಒಪ್ಪಿಲ್ಲ. ಹಾಗಾಗಿ ವೈದ್ಯರು ಒಂದೊಂದು ಲಕ್ಷಣಕ್ಕೆ ಒಂದೊಂದು ಮದ್ದು ಕೊಡುತ್ತಾರೆ. ಆಕೆಗೆ ಕೊಟ್ಟವುಗಳಲ್ಲಿ ತೀರಾ ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಕ್ಯಾಪ್ಸೂಲ್ ಒಂದು.

ಎಲ್ಲ ತೊಡಕೂ ಶುರುವಾದದ್ದು ಆ ಕ್ಯಾಪ್ಸೂಲಿನಿಂದ. ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ಮಾತ್ರೆಯ ರೂಪದಲ್ಲಿ ಕುಡಿತ ಬಿಡಿಸಲು ಬಳಸುವ ಔಷಧಿ. ಸುಸ್ತು ಮತ್ತು ನೋವಿಗೆ ಕೆಲವು ವೈದ್ಯರು ಕೊಡುವುದು ಹೆಚ್ಚೆಂದರೆ 4.5 ಮಿಲಿಗ್ರಾಂ, ಅದೂ ವಿಶೇಷವಾಗಿ ತಯಾರಿಸಿದ್ದು. ಆಕೆಗೆ ವಿಮೆ ಇದ್ದದ್ದು ಗಂಡನ ಕಂಪನಿಯ ಗುಂಪು ಪಾಲಿಸಿಯಲ್ಲಿ. ಅದರಲ್ಲಿ ಹೊರರೋಗಿ ಚಿಕಿತ್ಸೆಗೂ ಒಂದಷ್ಟು ಮೊತ್ತವಿತ್ತು. ಬಿಲ್ಲುಗಳನ್ನು ಹಾಕಿದಾಗ ಬಂದ ಪ್ರಶ್ನೆ: ರೋಗಿ ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾರೆಯೇ, ತಿಳಿಸಿ. ಪಾಲಿಸಿ ಗಂಡನ ಹೆಸರಿನಲ್ಲಿದ್ದುದರಿಂದ ಆ ಇಮೇಲ್ ಹೋದದ್ದು ಗಂಡನಿಗೆ. ಆತ ಅದನ್ನು ಹೆಂಡತಿಗೆ ಕಳುಹಿಸಿ ಮೇಲೆ ಒಂದೇ ಪದ ಬರೆದಿದ್ದ: "ಇದೇನು?"

ಇದೇ ಹೊತ್ತಿನಲ್ಲಿ ಪರಿಚಯದ ನರ್ಸಿಂಗ್ ಹೋಮಿನವರೊಬ್ಬರು ದಾರಿ ತೋರಿಸಿದರು. ತಲೆಸುತ್ತಿ ಬಿದ್ದಿರೆಂದು ಬರೆದುಕೊಂಡು ಒಂದು ರಾತ್ರಿ ಅಡ್ಮಿಟ್ ಮಾಡಿಕೊಳ್ಳುತ್ತೇವೆ, ಪರೀಕ್ಷೆ ಔಷಧಿ ಎಲ್ಲ ಅದರಲ್ಲೇ ಬರುತ್ತದೆ, ಆಮೇಲಿನ ಮದ್ದಿಗೂ ಸ್ವಲ್ಪ ದಿನ ಸಿಗುತ್ತದೆ ಎಂದರು. ಗಂಡನೂ ಒಪ್ಪಿದ್ದ.

ಆ ವಾರದ ಭೇಟಿಯಲ್ಲಿ ಆಕೆ ಫೈಲನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಬಿಲ್ಲುಗಳು ತಿಂಗಳ ಪ್ರಕಾರ ಜೋಡಿಸಿದ್ದವು. ಪ್ರತಿ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಆ ದಿನ ಹೇಗಿದ್ದೆ ಎಂಬ ಒಂದು ಸಾಲು ಇತ್ತು. "ಎದ್ದೆ, ಸ್ನಾನ ಆಯಿತು." "ಎರಡು ಪೀರಿಯಡ್ ನಿಂತೆ, ಮೂರನೆಯದರಲ್ಲಿ ಕುಳಿತು ಪಾಠ ಮಾಡಿದೆ." ವಿಮಾ ಕಂಪನಿಗೆ ಇದಾವುದೂ ಬೇಕಿರಲಿಲ್ಲ. ಮತ್ತೆ ಯಾರಿಗಾಗಿ ಬರೆದಿಟ್ಟಿದ್ದಾರೆ ಎಂಬುದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಕೇಳಿದೆ: "ಇಷ್ಟೂ ಹಣವನ್ನು ಅವರು ಕೊಟ್ಟುಬಿಟ್ಟರು ಎಂದುಕೊಳ್ಳಿ. ಮರುದಿನ ನಿಮ್ಮ ಮನೆಯಲ್ಲಿ ಏನು ಬದಲಾಗುತ್ತದೆ?"

ಆಕೆ ಬಹಳ ಹೊತ್ತು ಬಿಲ್ಲುಗಳ ಅಂಚನ್ನು ಸರಿಮಾಡುತ್ತ ಕುಳಿತರು. ಆಮೇಲೆ ಹೇಳಿದರು: "ಹಣಕ್ಕೇನು, ಹೇಗೋ ಹೊಂದಿಸುತ್ತೇನೆ. ಇನ್ಶೂರೆನ್ಸಿನವರೇ ಕಾಯಿಲೆ ಎಂದು ಒಪ್ಪಿದ ಮೇಲೆ ಇವರು ಒಪ್ಪದೆ ಇರಲಾಗುತ್ತದೆಯೇ? ಭಾನುವಾರ ನೆಂಟರಿಗೆ ಹೋಳಿಗೆ ಬೇಯಿಸಿದವಳಿಗೆ ಮಂಗಳವಾರ ಏಳಲಾಗುವುದಿಲ್ಲವೇ ಎಂದು ಅತ್ತೆ ಕೇಳಿದಾಗ ಇವರು ಸುಮ್ಮನಿದ್ದರು."

ನಾನು ಅಡ್ಮಿಷನ್ ಬೇಡ ಎಂದದ್ದು ಈ ಮಾತನ್ನು ಕೇಳಿದ ಮೇಲೆ. ಸಹೋದ್ಯೋಗಿಯೊಬ್ಬರಿಗೆ ಇದು ಸರಿಕಾಣಲಿಲ್ಲ. ವರ್ಷವರ್ಷವೂ ಪ್ರೀಮಿಯಂ ಕಟ್ಟಿಸಿಕೊಂಡು ಮದ್ದಿಗೆ ಕಾಸು ಬಿಚ್ಚದ ಕಂಪನಿಯ ಪರವಾಗಿ ನೀವೇಕೆ ನೀತಿ ಹೇಳಬೇಕು ಎಂದು ಅವರು ವಾದಿಸಿದರು. ಅವರ ಕೋಪ ನನಗೂ ಇದೆ. ನಮ್ಮಲ್ಲಿ ಬಹುಪಾಲು ಆರೋಗ್ಯ ವಿಮೆ ಆಸ್ಪತ್ರೆಯ ಹಾಸಿಗೆಗೆ ಮಾಡಿದ್ದು, ಮನೆಯಲ್ಲಿ ನುಂಗುವ ಮಾತ್ರೆಗಲ್ಲ. ವರ್ಷಗಟ್ಟಲೆ ಮಾತ್ರೆಯ ಮೇಲೆ ಬದುಕುವವರಿಗೆ ಇದು ಅನ್ಯಾಯವೇ. ಆದರೂ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುವುದಿಲ್ಲ.

ಮೊದಲನೆಯದಾಗಿ, ಆ ದಾರಿ ತೋರಿಸುವವರು ಹೇಳಿದಷ್ಟು ಸಲೀಸಾಗಿ ಅದು ನಡೆಯುವುದಿಲ್ಲ. ಬರೀ ತಪಾಸಣೆಗಾಗಿ ಸೇರಿದ್ದರೆ ಕೊಡುವುದಿಲ್ಲ ಎಂಬುದು ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಒಂದೇ ಮಾತಿನಲ್ಲಿರುವ ಹೊರಗಿಡುವಿಕೆ. ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಅದರ ಸಂಕೇತ ಸಂಖ್ಯೆ 4. ವಿಶ್ರಾಂತಿಗಾಗಿ ಸೇರಿದ್ದಕ್ಕೆ ಸಂಖ್ಯೆ 5, ವ್ಯಸನದ ಚಿಕಿತ್ಸೆಗೆ 12, ವಿಟಮಿನ್ನಿನಂಥ ಪೂರಕಗಳಿಗೆ 14, ಸಾಕಷ್ಟು ವೈದ್ಯಕೀಯ ಆಧಾರವಿಲ್ಲದ ಚಿಕಿತ್ಸೆಗೆ 16. ಸುಸ್ತಿನ ರೋಗಿಯ ಬಿಲ್ಲು ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ಸಿಕ್ಕಿಬೀಳಬಹುದು. ಎರಡನೆಯದು, 60 ತಿಂಗಳು ಬಿಡದೆ ಕಟ್ಟಿದ ಪಾಲಿಸಿಯಲ್ಲಿ ಹಳೆಯ ಕಾಯಿಲೆ ಮುಚ್ಚಿಟ್ಟಿರೆಂದು ಕಂಪನಿ ತಕರಾರು ತೆಗೆಯುವಂತಿಲ್ಲ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ನಾಳೆ ಗಂಡ ಕೆಲಸ ಬಿಟ್ಟರೆ ಆಕೆ ಸ್ವಂತ ಪಾಲಿಸಿಗೆ ಅರ್ಜಿ ಹಾಕಬೇಕಾಗುತ್ತದೆ. ಅಂದು ಆ ಸುಳ್ಳು ದಾಖಲೆ ಎದುರಿಗೆ ಬರುತ್ತದೆ.

ಇವೆರಡಕ್ಕಿಂತ ದೊಡ್ಡ ಕಾರಣ ಬೇರೆ. ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಕಾಯಿಲೆ ಯಾವುದೆಂದು ಗೊತ್ತಾಗುವುದು ಬಹುಪಾಲು ರೋಗಿಯ ಬಾಯಿಂದಲೇ. ಆಕೆಯ ಕೈಯಲ್ಲಿರುವ ಒಂದೇ ಆಸ್ತಿ ಆಕೆಯ ಮಾತು. ಬೀಳದೆ ಬಿದ್ದೆ ಎಂದು ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಸಿದರೆ, ಮುಂದಿನ ವೈದ್ಯರು ಯಾವುದನ್ನು ನಂಬಬೇಕು? ಗಂಡನಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಯಾರು ನಂಬಲಿ ಎಂದು ಆಕೆ ಇಷ್ಟೆಲ್ಲ ಪಾಡು ಪಡುತ್ತಿದ್ದಾರೋ ಅವನೇ ಆ ಸುಳ್ಳಿಗೆ ಪಾಲುದಾರನಾಗುತ್ತಾನೆ.

ಹಾಗಾಗಿ ಎರಡು ಕೆಲಸಗಳನ್ನು ಬಿಡಿಸಿ ಕೊಟ್ಟೆ. ವಿಮೆಯ ಕೆಲಸ ವಿಮೆಗೆ, ಮನೆಯ ಕೆಲಸ ಮನೆಗೆ.

ವಿಮೆಗಾಗಿ ವೈದ್ಯರ ಬಳಿ ಹೋಗಿ ಚೀಟಿಯಲ್ಲಿ ಬರೀ 'ಸುಸ್ತು' ಎಂದು ಬರೆಯದೆ ಕಾಯಿಲೆಯ ಪೂರ್ಣ ಹೆಸರು ಮತ್ತು ಜಿ93.3 ಎಂಬ ಅಂತರರಾಷ್ಟ್ರೀಯ ಸಂಕೇತ ಬರೆಸಲು ಹೇಳಿದೆ. ಈ ಕಾಯಿಲೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 1969ರಿಂದಲೂ ನರಮಂಡಲದ ಕಾಯಿಲೆಗಳ ಸಾಲಿನಲ್ಲಿದೆ. ನಾಲ್ಟ್ರೆಕ್ಸೋನ್ ಯಾಕೆ, ಎಷ್ಟು ಪ್ರಮಾಣ, ವ್ಯಸನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ನಾಲ್ಕು ಸಾಲು ಬರೆದುಕೊಟ್ಟರು. ಸಮಾಲೋಚನೆ ಮತ್ತು ಪರೀಕ್ಷೆಗಳ ಹಣ ಹೊರರೋಗಿ ಮೊತ್ತದಲ್ಲಿ ಬಂತು, ವ್ಯಸನದ ಪ್ರಶ್ನೆ ಕೈಬಿಟ್ಟರು. ಕ್ಯಾಪ್ಸೂಲು, ವಿಟಮಿನ್ ಬರಲಿಲ್ಲ. ಅವನ್ನು ಆಕೆ ತಮ್ಮ ಸಂಬಳದಿಂದಲೇ ಕೊಳ್ಳುತ್ತಿದ್ದಾರೆ.

ಮನೆಗಾಗಿ, ಮುಂದಿನ ಸಲ ವೈದ್ಯರ ಬಳಿ ಗಂಡನನ್ನು ಕರೆದೊಯ್ಯಿರಿ, ಬಿಲ್ಲುಗಳ ಮೂಲೆಯ ಆ ಪೆನ್ಸಿಲ್ ಸಾಲುಗಳನ್ನು ಅಲ್ಲೇ ಓದಿ ಹೇಳಿ ಎಂದೆ. ಮಾಡಿದ ಕೆಲಸದ ಪೆಟ್ಟು ಅಂದೇ ಬೀಳದೆ ಒಂದೆರಡು ದಿನ ಕಳೆದು ಬೀಳುವುದೇ ಈ ಕಾಯಿಲೆಯ ಮುಖ್ಯ ಗುರುತು ಎಂದು ವೈದ್ಯರು ಆತನಿಗೆ ವಿವರಿಸಿದರು. ಹೋಳಿಗೆಯ ಭಾನುವಾರ ಮತ್ತು ಏಳಲಾರದ ಮಂಗಳವಾರ ಆಗ ಆತನ ಲೆಕ್ಕಕ್ಕೆ ಕೂಡಿಬಂದವು. ಅತ್ತೆಗೆ ಇನ್ನೂ ಕೂಡಿಬಂದಿಲ್ಲ. ಈಗ ಅತ್ತೆ ಕೇಳಿದಾಗ ಗಂಡ ಉತ್ತರ ಕೊಡುತ್ತಾನೆ ಎಂದು ಆಕೆ ಹೇಳುತ್ತಾರೆ.

ವಿಮಾ ಕಂಪನಿಯ ತಿರಸ್ಕಾರದ ಪತ್ರ ಹಿಡಿದು ಕುಳಿತಿರುವವರಿಗೆ ಒಂದು ವಿಷಯ. ತಿರಸ್ಕಾರದ ಕಾರಣ ತಪ್ಪೆನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ, ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಗುಂಪು ಪಾಲಿಸಿಯವರೂ ಹೋಗಬಹುದು. ಆದರೆ ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಸುಸ್ತಿನಲ್ಲಿ ದಿನಗಳು ಕೈತಪ್ಪಿ ಹೋಗುತ್ತವೆ. ಆ ಪತ್ರದ ದಿನಾಂಕವನ್ನು ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಬರೆಸಿಡಿ.