ಕುಂಟೆ ಕೊಯ್ಯುವ ಸ್ಟ್ಯಾಂಡಿಗೆ ಎರಡು ಕತ್ತರಿಗಾಲು ಸಾಲದು

ಪ್ರಶ್ನೆ: ತೋಟದ ಅಂಚಿನ ಅಕೇಶಿಯಾ ಕಡಿಸಿದ್ದೇವೆ. ಕುಂಟೆಗಳು 6ರಿಂದ 10 ಇಂಚು ದಪ್ಪ, 8 ಅಡಿ ಉದ್ದ ಇವೆ. ಹಂಡೆ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಬೇಕಾದಷ್ಟನ್ನು ಮಳೆ ಹಿಡಿಯುವುದರೊಳಗೆ ಕೊಯ್ದು ಒಟ್ಟಬೇಕು. 18 ಇಂಚಿನ ಚೈನ್ ಸಾ ಇದೆ. ನೆಲದ ಮೇಲೆ ಕೊಯ್ದರೆ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಿಕ್ಕಿಕೊಳ್ಳುತ್ತದೆ, ಚೈನ್ ಮೊಂಡಾಗುತ್ತದೆ, ಸೊಂಟ ಹಿಡಿಯುತ್ತದೆ. ಹಳೇ ಪಕಾಸಿಯಲ್ಲಿ ಎರಡು ಕತ್ತರಿಗಾಲು (X ಆಕಾರಕ್ಕೆ ಕೂಡಿಸಿದ ಜೋಡಿ ಕಾಲು) ಮಾಡಿಕೊಂಡರೂ ಅದೇ ಪಾಡು. ಸರಿಯಾದ ಅಳತೆ ಕೊಡಿ. ಮೋಟಾರಿಗೆ ತಿರುಪಿನ ಕೋನ್ ಕೂರಿಸಿ ಸೌದೆ ಸೀಳಬಹುದೇ?
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ತಪ್ಪಿರುವುದು ಕತ್ತರಿಗಾಲಿನ ಸಂಖ್ಯೆಯಲ್ಲಿ. ದೂರದೂರದ ಎರಡು ಆಧಾರಗಳ ನಡುವೆ ಕೊಯ್ದರೆ ಕುಂಟೆ ಮಧ್ಯದಲ್ಲಿ ಜಗ್ಗುತ್ತದೆ, ಕೊಯ್ದ ಸೀಳಿನ ಬಾಯಿ ಮೇಲುಗಡೆ ಮುಚ್ಚಿಕೊಂಡು ಬಾರನ್ನು ಕಚ್ಚುತ್ತದೆ. ಆಧಾರದಿಂದ ಹೊರಗೆ ಕೊಯ್ದರೆ ಬಾಯಿ ತೆರೆಯುತ್ತದೆ, ಮೊದಲ ತುಂಡು ಸಲೀಸಾಗಿ ಬೀಳುತ್ತದೆ. ಆದರೆ ಎರಡೇ ತುಂಡಿನಷ್ಟು ಉಳಿದಾಗ ಭಾರವೆಲ್ಲ ಹೊರಬದಿಗೆ ಸರಿದು ಕುಂಟೆ ಮಗುಚುತ್ತದೆ. ಹಾಗಾಗಿ ಒಂದೊಂದು ತುಂಡಿಗೂ ಅದರದೇ ಕತ್ತರಿಗಾಲು ಬೇಕು. 4 ಅಡಿ ಕುಂಟೆಯಿಂದ 16 ಇಂಚಿನ ಮೂರು ತುಂಡು ಬರುತ್ತವೆ, ಅದಕ್ಕೆ ಮೂರು ಕತ್ತರಿಗಾಲು.

ಬೇಕಾಗುವುದು 3×2 ಇಂಚಿನ ಪಕಾಸಿ 20 ಅಡಿ, ರೀಪು 18 ಅಡಿ, 12 ಮಿ.ಮೀ. ದಪ್ಪ 5 ಇಂಚು ಉದ್ದದ ಬೋಲ್ಟ್ ಮೂರು, ಆರು ವಾಷರ್, ಮೂರು ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ ನಟ್). ಸಾಧಾರಣ ನಟ್ ಹಾಕಿದರೆ ಅದುರಿ ಅದುರಿ ಸಡಿಲವಾಗುತ್ತದೆ. ಪಕಾಸಿಯನ್ನು 40 ಇಂಚಿನ ಆರು ಕಾಲುಗಳಾಗಿ ಕೊಯ್ಯಿರಿ. ಪ್ರತಿ ಕಾಲಿಗೂ ಬುಡದಿಂದ 24 ಇಂಚಿಗೆ, 3 ಇಂಚಿನ ಅಗಲದ ನಟ್ಟನಡುವೆ 13 ಮಿ.ಮೀ. ತೂತು ಹಾಕಿ. ಬೋಲ್ಟ್ ತೂರಿಸಿ ಎರಡೂ ಬುಡಗಳ ನಡುವೆ 24 ಇಂಚು ಬರುವಂತೆ ಅಗಲಿಸಿದರೆ ಮೂರೂ ಬದಿ ಸಮನಾದ ತ್ರಿಕೋನ ಸಿಗುತ್ತದೆ. ಕೋನ ಅಳೆಯುವ ಗೋಜೇ ಇಲ್ಲ, ಟೇಪ್ ಸಾಕು. 8 ಇಂಚಿನ ಕುಂಟೆ ಇಟ್ಟಾಗ ಅದರ ಮೇಲ್ಭಾಗ ಹೆಚ್ಚುಕಡಿಮೆ 3 ಅಡಿ ಎತ್ತರಕ್ಕೆ, ಸೊಂಟದ ಹತ್ತಿರ ಬರುತ್ತದೆ.

ಮೂರು ಕತ್ತರಿಗಾಲನ್ನು ನಡುವಿನಿಂದ ನಡುವಿಗೆ 16 ಇಂಚಿನಂತೆ ನಿಲ್ಲಿಸಿ. ನೆಲದಿಂದ 8 ಇಂಚು ಮೇಲೆ ಒಂದು, ಬೋಲ್ಟಿನ ಸ್ವಲ್ಪ ಕೆಳಗೆ ಇನ್ನೊಂದು, ಹೀಗೆ ಎರಡೂ ಬದಿಗೆ 3 ಅಡಿಯ ರೀಪು ಹೊಡೆಯಿರಿ. ಬದಿಗೊಂದು ಓರೆ ರೀಪು ಮರೆಯಬೇಡಿ, ಅದಿಲ್ಲದಿದ್ದರೆ ಭಾರ ಬಿದ್ದೊಡನೆ ಸ್ಟ್ಯಾಂಡ್ ಉದ್ದಕ್ಕೆ ವಾಲುತ್ತದೆ. ಬಿಗಿ ಮಾಡುವ ಮೊದಲು ಮೇಲಿನ ಕವೆಗಳಲ್ಲಿ ನೇರವಾದ ರೀಪೊಂದನ್ನು ಮಲಗಿಸಿ ನೋಡಿ. ಮೂರನ್ನೂ ಮುಟ್ಟಬೇಕು. ಒಂದು ಕವೆ ತಗ್ಗಿದರೂ ಕುಂಟೆ ಅಲ್ಲಾಡುತ್ತದೆ. ಬೋಲ್ಟಿನಿಂದ ಮೇಲೆ ಒಂದೇ ಒಂದು ಮೊಳೆ ಇರಕೂಡದು. ಹಳೇ ಪಕಾಸಿಯಾದ್ದರಿಂದ ಮುರಿದ ಮೊಳೆ ಒಳಗೆ ಉಳಿದಿದೆಯೇ ಎಂದು ಮೊದಲೇ ತಡವಿ ನೋಡಿ.

8 ಅಡಿ ಕುಂಟೆಯನ್ನು ಇಡಿಯಾಗಿ ಎತ್ತಲು ಹೋಗಬೇಡಿ. 10 ಇಂಚು ದಪ್ಪದ ಹಸಿ ಅಕೇಶಿಯಾ ಒಂದು ಕ್ವಿಂಟಲ್ ತೂಗುತ್ತದೆ. ನೆಲದಲ್ಲೇ ನಟ್ಟನಡುವೆ ದಪ್ಪದ ಮುಕ್ಕಾಲು ಭಾಗ ಕೊಯ್ದು, ಹೊರಳಿಸಿ, ಉಳಿದದ್ದನ್ನು ಮೇಲಿನಿಂದಲೇ ಕೊಯ್ದು 4 ಅಡಿಯ ಎರಡು ಕುಂಟೆ ಮಾಡಿಕೊಳ್ಳಿ. ಚೈನ್ ಮಣ್ಣು ಮುಟ್ಟುವುದಿಲ್ಲ. ಒಮ್ಮೆ ಮಣ್ಣು ಮುಟ್ಟಿದರೂ ಹಲ್ಲಿನ ಮೊನೆ ಹೋದಂತೆಯೇ. ಹರಿತವಿದ್ದರೆ ಚಕ್ಕೆ ಉದುರುತ್ತದೆ, ಹಿಟ್ಟಿನಂಥ ಪುಡಿ ಬರತೊಡಗಿದರೆ ಅರ ಹಿಡಿಯುವ ಹೊತ್ತಾಯಿತು.

ಸ್ಟ್ಯಾಂಡಿನ ಮೇಲೆ ಎರಡು ಕತ್ತರಿಗಾಲುಗಳ ನಟ್ಟನಡುವೆ ಕೊಯ್ಯಬೇಕು. ಅಲ್ಲಿ 12 ಇಂಚು ಖಾಲಿ ಜಾಗವಿದೆ. ಕೆಳರೀಪಿನ ಮೇಲೆ ಬಣ್ಣದ ಗುರುತು ಹಾಕಿಕೊಂಡರೆ ಪ್ರತಿಸಲ ಅಳೆಯಬೇಕಿಲ್ಲ. ಬಾರಿನ ತುದಿ ಆಚೆ ಬದಿಯ ಕಾಲಿಗೆ ತಾಗಕೂಡದು. ತುದಿಯ ಮೇಲಂಚು ಏನನ್ನಾದರೂ ಮುಟ್ಟಿದರೆ ಮೆಷಿನ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಖದತ್ತ ಎಗರುತ್ತದೆ. ಬಾರಿನ ನೇರಕ್ಕೆ ನಿಲ್ಲದೆ ಅದರ ಎಡಕ್ಕೆ ನಿಲ್ಲಿ. ಮುಖಕವಚದ ಹೆಲ್ಮೆಟ್, ಚೈನ್ ತಡೆಯುವ ಪ್ಯಾಂಟ್, ಬೂಟು ಇಲ್ಲದೆ ಸ್ಟಾರ್ಟ್ ಮಾಡಬೇಡಿ.

ಸಣ್ಣ ಕೊಂಬೆಗಳನ್ನೂ ಇದರಲ್ಲೇ ಕೊಯ್ಯಬಹುದು. ಕವೆ ತುಂಬ ಜೋಡಿಸಿ, ಒಂದೊಂದು ಕತ್ತರಿಗಾಲಿನ ಪಕ್ಕಕ್ಕೂ ಲಾರಿ ಲೋಡಿಗೆ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಹಾಕಿ ಬಿಗಿಯಿರಿ. ಸಡಿಲವಾದ ಒಂದು ಕಡ್ಡಿ ಚೈನಿಗೆ ಸಿಕ್ಕರೂ ಚಾಟಿಯಂತೆ ಬೀಸಿ ಹೊಡೆಯುತ್ತದೆ.

ತಿರುಪಿನ ಕೋನ್ ಮಾತ್ರ ಬೇಡವೇ ಬೇಡ. ಗಂಟಿರುವ ಕುಂಟೆ ಸೀಳುವ ಬದಲು ಕೋನಿನ ಜೊತೆಗೇ ಗಿರ‍್ರನೆ ತಿರುಗುತ್ತದೆ, ಹಿಡಿದ ಕೈಯನ್ನೂ ಎಳೆದುಕೊಳ್ಳುತ್ತದೆ. ತೋಳಿನ ಬಟ್ಟೆ, ಟವೆಲ್ಲು, ಕೈಗವಸು ಸುತ್ತಿಕೊಂಡರೆ ಸ್ವಿಚ್ಚಿಗೆ ಕೈ ಎಟಕುವಷ್ಟೂ ಹೊತ್ತು ಸಿಗುವುದಿಲ್ಲ. ಅಕೇಶಿಯಾವನ್ನು ಹಸಿ ಇರುವಾಗಲೇ ಕೊಡಲಿಯಿಂದ ಸೀಳಿ, ಒಣಗಿದ ಮೇಲೆ ಅದು ಜಗ್ಗುವುದಿಲ್ಲ. ಒಂದಡಿ ಎತ್ತರದ ಅಗಲ ಕೊರಡಿನ ಮೇಲೆ ಹಳೇ ಕಾರಿನ ಟೈರು ಮಲಗಿಸಿ, ತುಂಡುಗಳನ್ನು ಅದರೊಳಗೆ ನಿಲ್ಲಿಸಿ ಹೊಡೆಯಿರಿ. ಹೋಳು ಸಿಡಿಯುವುದಿಲ್ಲ, ಪ್ರತಿ ಏಟಿಗೂ ಬಗ್ಗಿ ಹೆಕ್ಕುವುದೂ ತಪ್ಪುತ್ತದೆ. ಟೈರಿನ ಅಡಿಬದಿಗೆ ನಾಲ್ಕಾರು ತೂತು ಕೊರೆಯಿರಿ, ಮಳೆನೀರು ನಿಂತು ಸೊಳ್ಳೆ ಮರಿ ಮಾಡದಿರಲಿ.