ಮೊದಲ ಹತ್ತು ನಿಮಿಷದಲ್ಲಿ ಅಂಥದ್ದೇನಿದೆ?

ಈ ಸಲ ಬಂದ ಪತ್ರಗಳಲ್ಲಿ ಸಿನಿಮಾದ ಓಪನಿಂಗ್ ಸೀನ್ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮ್ಮ ಯಜಮಾನ್ರು ಯಾವ ಸಿನಿಮಾಗೆ ಹೊರಟರೂ ಹತ್ತು ನಿಮಿಷ ಲೇಟು. "ಶುರುವಲ್ಲಿ ಬರೀ ಸಿಗರೇಟು ಬಿಡಿ ಅನ್ನೋ ಜಾಹೀರಾತು, ಆಮೇಲೆ ಹೆಸರುಗಳು, ಏನೂ ಮಿಸ್ ಆಗಲ್ಲ" ಅಂತಾರೆ. ನಿಜಾನಾ? (ಶಿವಮೊಗ್ಗದ ಓದುಗರು)

ಉತ್ತರ: ಜಾಹೀರಾತು ತಪ್ಪಿದರೆ ಚಿಂತೆ ಇಲ್ಲ, ಇಂಟರ್‌ವಲ್ ಹೊತ್ತಿಗೆ ಮತ್ತೆ ಬರುತ್ತೆ. ಆದರೆ ನಿಮ್ಮ ಯಜಮಾನ್ರನ್ನ 1960ರಲ್ಲಿ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ಬಾಗಿಲಲ್ಲೇ ತಡೆಯುತ್ತಿದ್ದ. ಅವನ 'ಸೈಕೋ' ಬಿಡುಗಡೆಯಾದಾಗ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ಗಳಿಗೆ ಹೇಳಿಸಿದ್ದ. ಆಗೆಲ್ಲ ಅಮೆರಿಕದಲ್ಲಿ ಜನ ಸಿನಿಮಾದ ನಡುವೆ ಬಂದು ಕೂರೋದು ಮಾಮೂಲಿ. ಹಿಚ್‌ಕಾಕ್‌ನ ತೊಂದರೆ ಏನಂದ್ರೆ, ಸಿನಿಮಾದ ದೊಡ್ಡ ಸ್ಟಾರ್ ಜಾನೆಟ್ ಲೀ ಅರ್ಧ ಸಿನಿಮಾ ಮುಗಿಯೋದರೊಳಗೇ ಸತ್ತು ಹೋಗ್ತಾಳೆ. ತಡವಾಗಿ ಬಂದವರು ಕೊನೇವರೆಗೂ ಅವಳನ್ನೇ ಹುಡುಕಿಕೊಂಡು ಕೂತಿರಬೇಕಾಗುತ್ತಿತ್ತು.

ನಮ್ಮ 'ಮುಂಗಾರು ಮಳೆ'ಯನ್ನೇ (2006) ನೋಡಿ. ಶುರುವಲ್ಲೇ ಪ್ರೀತಮ್ ಒಂದು ಹುಡುಗಿಯನ್ನ ನೋಡ್ತಾ ನೋಡ್ತಾ ಮ್ಯಾನ್‌ಹೋಲ್‌ಗೆ ಬೀಳ್ತಾನೆ. ಅವಳೇ ಮೇಲೆತ್ತಬೇಕು. ಆ ಗಲಾಟೆಯಲ್ಲಿ ಅವಳ ಹಾರ್ಟ್ ಆಕಾರದ ವಾಚ್ ಕಳೆದುಹೋಗುತ್ತೆ. ಹೀರೋ ಹೊಡೆದಾಡಲಿಲ್ಲ, ಡೈಲಾಗ್ ಹೊಡೆಯಲಿಲ್ಲ, ಗುಂಡಿಗೆ ಬಿದ್ದ. ಇವನು ಬಾಯಿ ಜೋರಿನ ಹುಡುಗ, ಆದರೆ ಪ್ರೀತಿ ವಿಷಯಕ್ಕೆ ಬಂದ್ರೆ ಕಾಲ ಕೆಳಗೆ ನೆಲ ಇರಲ್ಲ ಅನ್ನೋದು ಅಲ್ಲೇ ಗೊತ್ತಾಯಿತಲ್ವಾ? ನಿಮ್ಮವರು ಆಗ ಪಾರ್ಕಿಂಗ್ ಹುಡುಕ್ತಾ ಇರ್ತಾರೆ.

ಪ್ರಶ್ನೆ: ಹಾರರ್ ಸಿನಿಮಾದಲ್ಲಿ ಮೊದಲ ಸೀನಲ್ಲೇ ಯಾರೋ ಸಂಬಂಧ ಇಲ್ಲದವರು ಸಾಯ್ತಾರೆ. ಥ್ರಿಲ್ಲರ್‌ನಲ್ಲೂ ಹಾಗೇ. ಎರಡೂ ಒಂದೇನಾ? (ತುಮಕೂರಿನ ಓದುಗರು)

ಉತ್ತರ: ಹೆಣ ಒಂದೇ, ಲೆಕ್ಕ ಬೇರೆ. ಪ್ರೇಕ್ಷಕನಿಗೆ ಎಷ್ಟು ಗೊತ್ತಿರಬೇಕು ಅನ್ನೋದನ್ನ ಮೊದಲ ಸೀನೇ ತೀರ್ಮಾನ ಮಾಡುತ್ತೆ. ಹಾರರ್‌ನಲ್ಲಿ ಸಾಯುವವರಿಗೆ ಗೊತ್ತಿರುವಷ್ಟೇ ನಮಗೂ ಗೊತ್ತಿರುತ್ತೆ, ಇಲ್ಲಾ ಅವರಿಗಿಂತ ಒಂಚೂರು ಜಾಸ್ತಿ. ಥ್ರಿಲ್ಲರ್‌ನಲ್ಲಿ ನಮಗೆ ತುಂಬಾ ಗೊತ್ತಿರುತ್ತೆ, ಪಾಪ ಪಾತ್ರಗಳಿಗೆ ಏನೂ ಗೊತ್ತಿರಲ್ಲ.

'ಜಾಸ್' (1975) ತಗೊಳ್ಳಿ. ರಾತ್ರಿ, ಸಮುದ್ರದ ದಂಡೆ, ಹುಡುಗ ಹುಡುಗಿಯರ ಪಾರ್ಟಿ. ಒಬ್ಬಳು ಈಜೋಕೆ ಇಳಿದಳು, ಹಿಂದೆ ಬಂದ ಹುಡುಗ ಕುಡಿದ ಮತ್ತಿನಲ್ಲಿ ದಡದಲ್ಲೇ ಬಿದ್ದುಕೊಂಡ. ಕ್ಯಾಮೆರಾ ನೀರಿನ ಅಡಿಯಿಂದ ಅವಳ ಕಾಲುಗಳನ್ನ ನೋಡುತ್ತೆ. ಆಮೇಲೆ ಅವಳು ಒಮ್ಮೆ ಜಗ್ಗಿದ ಹಾಗೆ ಕೆಳಕ್ಕೆ ಹೋಗಿ ಮೇಲೆ ಬರ್ತಾಳೆ, ಅತ್ತಿಂದಿತ್ತ ಎಳೆದಾಡಿದ ಹಾಗೆ ಆಗುತ್ತೆ, ಮತ್ತೆ ನೀರು ಸಪಾಟು. ಅವಳನ್ನ ಎಳೆದ ಶಾರ್ಕ್ ಕಾಣಿಸೋದೇ ಇಲ್ಲ. ಶೂಟಿಂಗ್‌ಗೆ ಅಂತ ಮಾಡಿಸಿದ್ದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ಕೂರುತ್ತಿತ್ತು. ಅದಕ್ಕೇ ನಿರ್ದೇಶಕ ಸ್ಪೀಲ್‌ಬರ್ಗ್ ಸಿನಿಮಾದ ಬಹುಪಾಲು ಅದನ್ನ ತೋರಿಸದೇ ಸಾಗಿಸಬೇಕಾಯಿತು. ಒಳ್ಳೇದೇ ಆಯ್ತು ಅನ್ನಿ. ಮೊದಲ ಸೀನಲ್ಲೇ ನೀರಿಗೆ ಹೆದರಿದವನು ಆಮೇಲೆ ಖಾಲಿ ನೀರು ತೋರಿಸಿದರೂ ಸೀಟಿನ ತುದಿಗೆ ಬರ್ತಾನೆ.

ಈಗ ಥ್ರಿಲ್ಲರ್. ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958) ಶುರುವಾಗೋದೇ ಒಬ್ಬ ಬಾಂಬ್‌ಗೆ ಟೈಮರ್ ತಿರುಗಿಸೋದರಿಂದ. ಅದನ್ನ ಒಂದು ಕಾರಿನ ಡಿಕ್ಕಿಯಲ್ಲಿಟ್ಟು ಓಡ್ತಾನೆ. ಗಂಡಸೊಬ್ಬ, ಹೆಂಗಸೊಬ್ಬಳು ಬಂದು ಆ ಕಾರು ಹತ್ತುತ್ತಾರೆ. ಆ ಟೈಮರ್ ತಿರುಗಿಸಿದಾಗಿನಿಂದ ಮೂರು ನಿಮಿಷಕ್ಕೂ ಜಾಸ್ತಿ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಮೆಕ್ಸಿಕೋ ಗಡಿಯ ಊರು, ಕಾರು ಜನರ ನಡುವೆ ನಿಧಾನಕ್ಕೆ ಹೋಗುತ್ತೆ, ಅಡ್ಡ ಬಂದ ಮೇಕೆಗಳಿಗೆ ನಿಲ್ಲುತ್ತೆ, ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಜೋಡಿ ನಡೆದುಕೊಂಡು ಬರುತ್ತೆ, ಒಮ್ಮೆ ಕಾರು ಮುಂದೆ, ಒಮ್ಮೆ ಇವರು ಮುಂದೆ. ನಮಗೋ, ಅಯ್ಯೋ ದೂರ ಹೋಗ್ರಪ್ಪಾ ಅಂತ ಕೂಗೋ ಹಾಗಾಗುತ್ತೆ. ಗಡಿಯ ಚೆಕ್‌ಪೋಸ್ಟ್‌ನಲ್ಲಿ ಕಾರಿನಲ್ಲಿದ್ದ ಹೆಂಗಸು ತಲೆಯಲ್ಲಿ ಏನೋ ಟಿಕ್ ಟಿಕ್ ಅಂತಿದೆ ಅಂತಾಳೆ. ಕಾವಲಿನವನು ಕಿವಿಗೇ ಹಾಕಿಕೊಳ್ಳಲ್ಲ.

ಆಗ ಸ್ಟುಡಿಯೋದವರು ಈ ಶಾಟ್ ಮೇಲೆಲ್ಲಾ ಹೆಸರುಗಳನ್ನ ಓಡಿಸಿ ಟೈಟಲ್ ಮ್ಯೂಸಿಕ್ ಸುರಿದುಬಿಟ್ಟಿದ್ದರು. ವೆಲ್ಸ್ 58 ಪುಟದ ತಕರಾರು ಬರೆದು ಕೊಟ್ಟಿದ್ದ. ಅದನ್ನಿಟ್ಟುಕೊಂಡು 1998ರಲ್ಲಿ ವಾಲ್ಟರ್ ಮರ್ಚ್ ಮತ್ತೆ ಎಡಿಟ್ ಮಾಡಿದರು. ಹೆಸರುಗಳು ಹೋದವು, ಮ್ಯೂಸಿಕ್ ಹೋಯಿತು, ಬದಲಿಗೆ ರಸ್ತೆ ಬದಿಯ ಅಂಗಡಿ, ಬಾರ್‌ಗಳ ಹಾಡು, ಕಾರಿನ ರೇಡಿಯೋ ಕೇಳಿಸತೊಡಗಿತು. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ನನಗಂತೂ 1998ರದ್ದೇ ಹೆಚ್ಚು ಹೆದರಿಸುತ್ತೆ, ಯಾಕಂದ್ರೆ ಕಾರು ಕ್ಯಾಮೆರಾದ ಕಣ್ಣಿಗೆ ಬೀಳದಿದ್ದಾಗಲೂ ಅದರ ರೇಡಿಯೋ ಹತ್ತಿರದಲ್ಲೇ ಎಲ್ಲೋ ಕೇಳಿಸುತ್ತೆ.

ಪ್ರಶ್ನೆ: ಕಾಮಿಡಿ ಸಿನಿಮಾ ಸಾವಿನಿಂದ ಶುರುವಾಗಬಹುದಾ? (ಮಂಡ್ಯದ ಓದುಗರು)

ಉತ್ತರ: ಮಂಡ್ಯದವರಾಗಿ ಈ ಪ್ರಶ್ನೆ ಕೇಳ್ತೀರಲ್ಲ! ನಿಮ್ಮದೇ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದ 'ತಿಥಿ' ಇನ್ನೇನು ಮತ್ತೆ? ಸೆಂಚುರಿ ಗೌಡ ಬೀದಿಬದಿ ಕೂತು ಹೋಗೋ ಬರೋರನ್ನೆಲ್ಲ ಬೈಯ್ತಾ ಇರ್ತಾನೆ. ಒಬ್ಬರನ್ನೂ ಬಿಡಲ್ಲ. ಆಮೇಲೆ ಎದ್ದು, ಮೂತ್ರಕ್ಕೆ ಅಂತ ಹೋದವನು ಹಾಗೇ ಬಿದ್ದು ಸಾಯ್ತಾನೆ. ಮ್ಯೂಸಿಕ್ ಇಲ್ಲ, ಕ್ಲೋಸಪ್ ಇಲ್ಲ, ಅಳೋರಿಲ್ಲ. ಕ್ಯಾಮೆರಾ ದೂರದಲ್ಲೇ ಸುಮ್ನೆ ನಿಂತು ನೋಡುತ್ತೆ. ಅದೇ ಕಾಮಿಡಿಯ ಗುಟ್ಟು ಅಂತ ನನಗನಿಸುತ್ತೆ. ಮುಖದ ಹತ್ತಿರ ಹೋಗಿದ್ದರೆ ಪಾಪ ಅನ್ನಿಸುತ್ತಿತ್ತು, ದೂರ ನಿಂತಿದ್ದಕ್ಕೆ ನಗು ಬಂತು. ನೂರ ಒಂದು ವರ್ಷದ ಮುದುಕನ ಸಾವಿಗೆ ನಗಬಹುದು ಅಂತ ನಮಗೆ ಅಲ್ಲೇ ಪರವಾನಗಿ ಸಿಕ್ಕಿತು. ಮಗ ಗಡ್ಡಪ್ಪ ಅಪ್ಪ ಸತ್ತ ಸುದ್ದಿಗೂ ಜಗ್ಗದೆ ಇದ್ದಾಗ ನಾವು ಅವನನ್ನ ಕೆಟ್ಟವನು ಅಂದುಕೊಳ್ಳಲ್ಲ, ಅವರಪ್ಪನನ್ನ ನೋಡಿದ್ದೀವಲ್ಲ.

ಪ್ರಶ್ನೆ: ಹೀರೋ ಎಂಟ್ರಿಗೆ ಮುಂಚೆ ಇಷ್ಟೊಂದು ಬಿಲ್ಡಪ್ ಯಾಕೆ ಸ್ವಾಮಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಅದು ಸಿನಿಮಾದವರು ಕಂಡುಹಿಡಿದಿದ್ದಲ್ಲ. ಯಕ್ಷಗಾನದಲ್ಲಿ ವೇಷಗಳು ಮೊದಲ ಸಲ ರಂಗಕ್ಕೆ ಬರೋ ಒಡ್ಡೋಲಗ ನೋಡಿ. ಇಬ್ಬರು ತೆರೆ ಹಿಡಿದು ನಿಲ್ತಾರೆ, ಹಿಂದೆ ವೇಷ ಕುಣಿಯುತ್ತೆ, ಚಂಡೆ ಏರುತ್ತೆ, ಒಮ್ಮೆ ಕಿರೀಟ ಕಂಡ್ರೆ ಮುಖ ಕಾಣಲ್ಲ. 'ಕೆಜಿಎಫ್' ಮೊದಲ ಭಾಗದಲ್ಲಿ (2018) ತೆರೆ ಹಿಡಿಯೋದು ಒಂದು ಟಿವಿ ಚಾನೆಲ್ಲು ಮತ್ತು ಸರ್ಕಾರ ನಿಷೇಧಿಸಿದ ಒಂದು ಪುಸ್ತಕ. ರಾಕಿಗಿಂತ ಮೊದಲು ರಾಕಿಯ ಕಥೆ ಬರುತ್ತೆ. 'ಕಾಂತಾರ' (2022) ಇನ್ನೂ ಹಿಂದಕ್ಕೆ ಹೋಗುತ್ತೆ. ನೆಮ್ಮದಿ ಇಲ್ಲದ ರಾಜ, ಕಾಡಿನ ದೈವ, ಜನಕ್ಕೆ ಕೊಟ್ಟ ಭೂಮಿ, ಮಾತು ತಪ್ಪಬಾರದು ಅನ್ನೋ ಷರತ್ತು. ಕಂಬಳದಲ್ಲಿ ಹೀರೋ ಶಿವ ಓಡಿ ಬರೋ ಹೊತ್ತಿಗೆ ಅವನ ತಲೆ ಮೇಲೆ ಎಷ್ಟು ಸಾಲ ಇದೆ ಅಂತ ನಮಗೆ ಗೊತ್ತು, ಅವನಿಗೇ ಗೊತ್ತಿಲ್ಲ. ಹಾಗಿದ್ದಾಗ ಬಿಲ್ಡಪ್ ಸರಿ. ಬರೀ ಸ್ಲೋ ಮೋಷನ್, ಹೊಗೆ, ಶೂ ಅಂದ್ರೆ ನಾನೂ ಮೊಬೈಲ್ ತೆಗೀತೀನಿ.

ಪ್ರಶ್ನೆ: ಕಾಲೇಜಿಗೆ ಹತ್ತು ನಿಮಿಷದ ಶಾರ್ಟ್ ಫಿಲಂ ಮಾಡ್ತಿದೀನಿ ಸರ್. ಕ್ಲೈಮ್ಯಾಕ್ಸ್ ಸ್ವಲ್ಪ ತೋರಿಸಿ "ಆರು ತಿಂಗಳ ಹಿಂದೆ" ಅಂತ ಶುರು ಮಾಡಲಾ? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಬೇಡ ಮಾರಾಯ. ನಿನ್ನ ನಿಜವಾದ ಮೊದಲ ಸೀನ್ ಸಪ್ಪೆ ಇದೆ ಅಂತ ನಿನಗೇ ಗೊತ್ತಿರೋದಕ್ಕೆ ಕ್ಲೈಮ್ಯಾಕ್ಸಿಂದ ಕಡ ತರ್ತಿದೀಯ. ಅಲಾರಂ ಹೊಡೆದು ಹುಡುಗ ಎದ್ದು ಹಲ್ಲುಜ್ಜೋದು ಅಲ್ವಾ ಆ ಸೀನು? ಅದನ್ನ ತೆಗಿ. ಪುಟ್ಟಣ್ಣ ಕಣಗಾಲ್ 'ನಾಗರಹಾವು' (1972) ಶುರು ಮಾಡಿದ್ದು ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳೋದರಿಂದ. ಪ್ರಿನ್ಸಿಪಾಲರು ಸಸ್ಪೆಂಡ್ ಮಾಡ್ತಾರೆ, ಅವತ್ತೇ ರಾತ್ರಿ ಅವರ ಮನೆಗೆ ಕಲ್ಲು, ಹೊರಗೆ ಬಂದವರನ್ನ ಕಂಬಕ್ಕೆ ಕಟ್ಟಿಹಾಕೋದು. ತಪ್ಪು ಇವನದ್ದೇ, ಸಿಟ್ಟೂ ಇವನದ್ದೇ. ಮುಂದೆ ಬರೋ ಎಲ್ಲ ಅನಾಹುತದ ಬುಡ ಅಲ್ಲಿದೆ.

ನಿನ್ನ ಹುಡುಗನೂ ಮೊದಲ ನಿಮಿಷದಲ್ಲಿ ಏನಾದರೂ ಮಾಡಲಿ, ದೊಡ್ಡದೇ ಆಗಬೇಕಿಲ್ಲ, ಆದರೆ ವಾಪಸ್ ತಗೊಳ್ಳೋಕೆ ಆಗದಂಥದ್ದು. ಆಮೇಲೆ ಸ್ಕ್ರಿಪ್ಟಿನ ಮೊದಲ ಪುಟ ಮುಚ್ಚಿಟ್ಟು ಎರಡನೇ ಪುಟದಿಂದ ಸ್ನೇಹಿತನಿಗೆ ಓದಿಸು. ಅವನಿಗೆ ಪೂರ್ತಿ ಅರ್ಥವಾದರೆ ಮೊದಲ ಪುಟದ ಶೂಟಿಂಗ್ ದುಡ್ಡು ಉಳೀತು.