ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಈಗ ತಾಲ್ಲೂಕು ಊರಲ್ಲಿ ಸೈಬರ್ ಸೆಂಟರ್ ಹಾಕಿದರೆ ನಡೆಯುತ್ತಾ?

ಈ ಪ್ರಶ್ನೆಯನ್ನು 2006ರಲ್ಲಿ ನಾನೇ ಕೇಳಿದ ಹಾಗಿದೆ. ಕೈಯಲ್ಲಿ 3 ಲಕ್ಷ ಇದೆ, ಬಸ್ ಸ್ಟ್ಯಾಂಡ್ ಹತ್ತಿರ ಮಳಿಗೆ ಸಿಕ್ಕಿದೆ, 6 ಕಂಪ್ಯೂಟರ್ ಹಾಕಲಾ 8 ಹಾಕಲಾ ಅಂತ ಕೇಳಿದ್ದೀರಿ. ನನ್ನ ಹತ್ತಿರ ಆಗ ಇದ್ದದ್ದು 90 ಸಾವಿರ. ಅದರಲ್ಲಿ ಅಮ್ಮನ ಬಳೆ ಅಡವಿಟ್ಟ ದುಡ್ಡೂ ಸೇರಿತ್ತು.

ನಮ್ಮದು ಅರಸೀಕೆರೆ ಕಡೆ, ತೆಂಗಿನ ಸೀಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 4 ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆ. ಪ್ಲೈವುಡ್‌ನಲ್ಲಿ ಕ್ಯಾಬಿನ್ ಮಾಡಿಸಿದೆ. ಗಂಟೆಗೆ 20 ರೂಪಾಯಿ. ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ದಿನ ಅಂಗಡಿ ಮುಂದೆ ಜಾತ್ರೆ. ರಿಜಿಸ್ಟರ್ ನಂಬರ್ ಬರೆದ ಚೀಟಿಗಳನ್ನು ಮಕ್ಕಳು ಒಬ್ಬರ ತಲೆ ಮೇಲಿಂದ ಒಬ್ಬರು ಚಾಚುತ್ತಿದ್ದರು. ಪಾಸ್ ಅಂತ ನಾನು ಕೂಗಿದರೆ ಹೊರಗಡೆ ನಿಂತ ಅಪ್ಪಂದಿರು ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. 2011ರಲ್ಲಿ ಸೈಬರ್ ಕೆಫೆಗಳಿಗೆ ಹೊಸ ನಿಯಮ ಬಂತು. ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿ ದಾಟಬಾರದು, ಬಂದವರ ಗುರುತಿನ ಚೀಟಿ ನೋಡಿ ಹೆಸರು ಬರೆದಿಡಬೇಕು. ಬಡಗಿಯನ್ನು ಕರೆಸಿ ಪ್ಲೈವುಡ್ ಕೊಯ್ಯಿಸಿದೆ. ಆಗಲೂ ವ್ಯಾಪಾರ ಚೆನ್ನಾಗಿಯೇ ಇತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಪುಕ್ಕಟೆ. ಮುಂದಿನ ಯುಗಾದಿ ಹೊತ್ತಿಗೆ ಕ್ಯಾಬಿನ್‌ಗಳಲ್ಲಿ ಕೂರುವವರೇ ಇರಲಿಲ್ಲ. ನಿಮಗೆ ಇರುವ ಭಯ ಇದೇ ಅಲ್ವಾ? ಆದರೆ ಕ್ಯಾಬಿನ್ ಖಾಲಿಯಾದ ಅದೇ ವರ್ಷ ನನ್ನ ಮೇಜಿನ ಮುಂದೆ ಜನ ಜಾಸ್ತಿಯಾದರು. ನೋಡೋದಕ್ಕೆ, ಆಡೋದಕ್ಕೆ, ಮಾತಾಡೋದಕ್ಕೆ ಮೊಬೈಲ್ ಸಾಕು. ಅರ್ಜಿ ತುಂಬೋದಕ್ಕೆ ಸಾಕಾಗಲ್ಲ. ಫೋಟೋ ಇಷ್ಟೇ ಕೆಬಿ ಇರಬೇಕು, ಸಹಿ ಬೇರೆ ಸ್ಕ್ಯಾನ್ ಆಗಬೇಕು, ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಹಾಕಬೇಕು, ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡ್‌ನಲ್ಲೂ ಹೆಸರು ಒಂದೇ ಥರ ಇರಬೇಕು. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕಾಲರ್‌ಶಿಪ್ ಮಂಜೂರಾಗಿದ್ದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ದುಡ್ಡು ಬರಲ್ಲ. ಇದನ್ನೆಲ್ಲ ಅಂಗೈ ಅಗಲದ ಪರದೆಯಲ್ಲಿ ಯಾರು ಮಾಡಿಕೊಳ್ಳುತ್ತಾರೆ?

ಇಂಟರ್ನೆಟ್ ಬಂದಮೇಲೆ ಮಧ್ಯವರ್ತಿಗಳು ಇಲ್ಲವಾದರು ಅಂತ ನೀವೂ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ನನ್ನಪ್ಪ ಒಂದು ಪಹಣಿಗೆ ವಾರಗಟ್ಟಲೆ ಅಲೆದವರು. ಕೈಬರಹದ ಪಹಣಿ, ಬರೆದುಕೊಡುವವರು ಸಿಕ್ಕಬೇಕು, ಸಿಕ್ಕಮೇಲೆ ಅವರಿಗೆ ಮನಸ್ಸು ಬರಬೇಕು. ಆಮೇಲೆ ಭೂಮಿ ಯೋಜನೆ ಬಂತು. ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದರು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪ್ರಿಂಟ್ ಸಿಗುತ್ತಿತ್ತು. ಮೊದಲ ಪ್ರಿಂಟ್ ಕೈಗೆ ಬಂದ ದಿನ ಅಪ್ಪ ಅದನ್ನು ಮಡಚಲಿಲ್ಲ, ಸುರುಳಿ ಸುತ್ತಿಕೊಂಡು ಮನೆಗೆ ತಂದರು. ಅದು ನಿಜವಾದ ಲಾಭ, ನಾನು ಅಲ್ಲಗಳೆಯಲ್ಲ. ಆದರೆ ಇವತ್ತು ಅಪ್ಪನಂಥವರು ಯಾರ ಮುಂದೆ ಕೂರುತ್ತಾರೆ? ನನ್ನ ಮುಂದೆ. ಮಧ್ಯವರ್ತಿ ಎಲ್ಲೂ ಹೋಗಿಲ್ಲ. ಅವನು ನಾನೇ, ನಾಳೆ ನೀವೇ. ಇದು ಗೊತ್ತಿಲ್ಲದೆ ಕೂತಿದ್ದಕ್ಕೇ ನಾನು ದೊಡ್ಡ ತಪ್ಪು ಮಾಡಿದೆ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇವತ್ತಿಗೂ ಎಷ್ಟೋ ಸೆಂಟರ್‌ಗಳಲ್ಲಿ ಇದೇ ನಡೆಯುತ್ತಿದೆ.

ಆನ್‌ಲೈನ್ ಅರ್ಜಿಯಲ್ಲಿ ಮೊಬೈಲ್ ನಂಬರ್, ಇಮೇಲ್ ಕಡ್ಡಾಯ. 2012ರ ಸುಮಾರಿಗೆ ಬರುತ್ತಿದ್ದವರಲ್ಲಿ ಅರ್ಧ ಜನಕ್ಕೆ ಸ್ವಂತ ಮೊಬೈಲ್ ಇರಲಿಲ್ಲ. ಇದ್ದವರಿಗೂ ನಂಬರ್ ಬಾಯಿಗೆ ಬರುತ್ತಿರಲಿಲ್ಲ. ಫೋನ್ ಮನೆಯಲ್ಲಿ ಬಿಟ್ಟು ಬಂದಿರುತ್ತಿದ್ದರು. ಓಟಿಪಿ ಬರುವಷ್ಟರಲ್ಲಿ ಪೇಜ್ ಟೈಮ್‌ಔಟ್ ಆಗಿ ಮತ್ತೆ ಮೊದಲಿಂದ ತುಂಬಬೇಕು. ಹಿಂದೆ ಹದಿನೈದು ಜನ ಕಾಯುತ್ತಿರುತ್ತಾರೆ. ಅದಕ್ಕೇ ಒಂದು ಹೊಸ ಸಿಮ್ ತಗೊಂಡೆ, ಲೈಫ್‌ಟೈಮ್ ಇನ್‌ಕಮಿಂಗ್ ಇದ್ದದ್ದು. ಎಲ್ಲರ ಅರ್ಜಿಗೂ ಅದೇ ನಂಬರ್ ಹಾಕಿದೆ. ಇಮೇಲ್ ಮಾಡಿಕೊಟ್ಟರೆ ಅದಕ್ಕೆ ರಿಕವರಿ ನಂಬರ್ ಕೂಡ ಅದೇ. ಪಾಸ್‌ವರ್ಡ್ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ಹೆಸರು, ಅರ್ಜಿ ಸಂಖ್ಯೆ, ಪಾಸ್‌ವರ್ಡ್ ಎಲ್ಲ ಒಂದು 200 ಪೇಜಿನ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಜನಕ್ಕೂ ಖುಷಿ. 'ಎಲ್ಲ ಅವರ ಹತ್ರಾನೇ ಐತೆ, ತಲೆ ಕೆಡಿಸ್ಕಬೇಡ' ಅಂತ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ನಾನು ಅದನ್ನು ಸೇವೆ ಅಂತಲೇ ಅಂದುಕೊಂಡಿದ್ದೆ.

ಅರ್ಜಿ ಅನ್ನೋದು ಸಬ್ಮಿಟ್ ಒತ್ತಿದ ದಿನ ಮುಗಿಯಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಹಾಲ್ ಟಿಕೆಟ್, ಕೀ ಉತ್ತರ, ತಾತ್ಕಾಲಿಕ ಪಟ್ಟಿ, ದಾಖಲೆ ಪರಿಶೀಲನೆ, ಅಂತಿಮ ಪಟ್ಟಿ. ಒಂದೊಂದು ಹಂತಕ್ಕೂ ಒಂದೊಂದು ಮೆಸೇಜ್. ಒಂದು ಅರ್ಜಿ ಒಂದೂವರೆ ವರ್ಷ ಜೀವಂತ ಇರುತ್ತದೆ. ಅಷ್ಟೂ ದಿನ ಆ ಮನುಷ್ಯನನ್ನು ಹುಡುಕಲು ಇರುವ ದಾರಿ ಆ ಹತ್ತು ಅಂಕಿ ಮಾತ್ರ. ಪಾಸ್‌ವರ್ಡ್ ಮರೆತರೆ ಓಟಿಪಿ ಹೋಗೋದು ಅಲ್ಲಿಗೇ. ನಂಬರ್ ಬದಲಾಯಿಸೋಣ ಅಂದರೂ ಎಷ್ಟೋ ಕಡೆ ಮೊದಲು ಹಳೇ ನಂಬರ್‌ಗೇ ಓಟಿಪಿ ಕಳಿಸುತ್ತಾರೆ.

2018ರ ಕೊನೆಯಲ್ಲಿ ಕಂಪನಿಗಳು ಹಳೇ ಸಿಮ್‌ಗಳಿಗೂ ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿದವು. 28 ದಿನಕ್ಕೆ 35 ರೂಪಾಯಿ. ಅಷ್ಟು ಹೊತ್ತಿಗೆ ಹೆಚ್ಚಿನವರು ಸ್ವಂತ ಮೊಬೈಲ್ ತರುತ್ತಿದ್ದರು. ಈ ಸಿಮ್‌ಗೆ ಬರುತ್ತಿದ್ದ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಜಾಹೀರಾತು. ಸುಮ್ನೆ ಯಾಕೆ ದಂಡ ಅಂತ ಬಿಟ್ಟುಬಿಟ್ಟೆ. ಹೊಸ ವರ್ಷದಲ್ಲಿ ನಂಬರ್ ಸತ್ತಿತು. ನೋಟ್‌ಬುಕ್ ತೆಗೆದು ಒಂದು ಸಲ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಒಂದು ಹುಡುಗಿ ಬಂದಳು. ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುವವರ ಮಗಳು, ನರ್ಸಿಂಗ್ ಮುಗಿಸಿದವಳು. ಸರ್ಕಾರಿ ನರ್ಸ್ ಹುದ್ದೆಗೆ ಹಿಂದಿನ ವರ್ಷ ನನ್ನ ಹತ್ತಿರವೇ ಅರ್ಜಿ ಹಾಕಿಸಿದ್ದಳು. 'ಅಣ್ಣ, ನನ್ ಜೊತೆ ಓದಿದವಳಿಗೆ ಆರ್ಡರ್ ಬಂತಂತೆ. ನಂದು ಏನಾಗಿದೆ ಒಂದ್ ಸಲ ನೋಡ್ತೀರಾ?' ಅಂದಳು. ನೋಟ್‌ಬುಕ್ ತೆಗೆದು ಅರ್ಜಿ ಸಂಖ್ಯೆ ಹಾಕಿ ಪಟ್ಟಿ ತೆರೆದೆ. ಅವಳ ಹೆಸರಿತ್ತು. ದಾಖಲೆ ಪರಿಶೀಲನೆಗೆ ಕರೆದಿದ್ದರು. ದಿನಾಂಕ ಕಳೆದು ಮೂರು ವಾರ ಆಗಿತ್ತು. ಮುಂದಿನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಗೈರು' ಅಂತ ಇತ್ತು. ಅವಳು ಪರದೆ ನೋಡಿದಳು. 'ಮೆಸೇಜ್ ಬರಲಿಲ್ವಲ್ಲಣ್ಣ, ಅದು ನಿಮ್ ನಂಬರೇ ಅಲ್ವಾ?' ಅಂದಳು. ಬೈಯಲಿಲ್ಲ. ನಿಜವಾಗಿಯೂ ಕೇಳಿದಳು.

ಮರುದಿನ ಅವಳ ಅಪ್ಪನನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದೆ. ಕೈಮುಗಿದು ಕೇಳಿದೆ. ಅವಕಾಶ ಮುಗಿದಿತ್ತು. ಬರುವಾಗ ರೈಲಿನಲ್ಲಿ ಅವರು, 'ಬಿಡಿ ಸ್ವಾಮಿ, ಅವಳ ಹಣೇಲಿ ಬರ್ದಿರ್ಲಿಲ್ಲ' ಅಂದರು. ಹಣೆಯಲ್ಲಿ ಬರೆದಿತ್ತು. 35 ರೂಪಾಯಿಗೆ ಅಳಿಸಿದವನು ನಾನು. ಅವಳು ಈಗ ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅಪ್ಪ ಎದುರು ಸಿಕ್ಕರೆ ಮಾತಾಡಿಸುತ್ತಾರೆ, ಅರ್ಜಿಗೆ ಮಾತ್ರ ಬೇರೆ ಕಡೆ ಹೋಗುತ್ತಾರೆ.

ಆ ರಾತ್ರಿ ನೋಟ್‌ಬುಕ್ ಎಣಿಸಿದೆ. 412 ಹೆಸರು. ಹಳೇ ನಂಬರ್‌ಗೆ ಫೋನ್ ಮಾಡಿದರೆ ರಿಂಗ್ ಆಯಿತು! ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ, 2023ರಲ್ಲಿ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ ಇದನ್ನು ಸುಪ್ರೀಂ ಕೋರ್ಟ್‌ಗೂ ಹೇಳಿದೆ. ನನಗೆ ಆಗ ಗೊತ್ತಿರಲಿಲ್ಲ. ಎತ್ತಿದವರು ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು. 'ದಿನಾ ಏನೇನೋ ಮೆಸೇಜ್ ಬರ್ತಾವ್ರೀ ಅಣ್ಣಾರ, ನಾ ಅಳಿಸಿ ಹಾಕ್ತೀನಿ' ಅಂದರು. 412 ಜನರ ಮನೆ ಬೀಗದಕೈ ಗೊತ್ತಿಲ್ಲದವರ ಕೈಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಏನು ಬೇಕಾದರೂ ಮಾಡಬಹುದಿತ್ತು. ಆಕೆ ಪುಣ್ಯಾತ್ಮೆ. ನಾಲ್ಕು ತಿಂಗಳು, ವಾರಕ್ಕೆ ಮೂರು ಸಂಜೆ, ಅಡುಗೆ ಮಾಡುತ್ತಲೇ ನನಗೆ ಓಟಿಪಿ ಓದಿ ಹೇಳಿದರು. ನಾನು ಒಬ್ಬೊಬ್ಬರನ್ನೇ ಹಳ್ಳಿಗೆ ಹೋಗಿ ಹುಡುಕಿ, ಅವರನ್ನು ಕೂರಿಸಿಕೊಂಡು ಅವರದೇ ನಂಬರ್ ಹಾಕಿದೆ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಒಂದು ವರ್ಷ ಅಂಗಡಿ ಬಾಡಿಗೆಗೂ ಕಷ್ಟವಾಯಿತು.

ಈಗ ನಿಮ್ಮ ಪ್ರಶ್ನೆಗೆ. 6 ಬೇಡ, 8 ಬೇಡ, 2 ಕಂಪ್ಯೂಟರ್ ಸಾಕು. ಒಂದು ಒಳ್ಳೆ ಪ್ರಿಂಟರ್, ಒಂದು ಸ್ಕ್ಯಾನರ್, ಕರೆಂಟ್ ಹೋದರೂ ಎರಡು ಗಂಟೆ ನಿಲ್ಲುವ ಯುಪಿಎಸ್. ಉಳಿದ ದುಡ್ಡು ಬ್ಯಾಂಕ್‌ನಲ್ಲಿರಲಿ. ಕ್ಯಾಬಿನ್ ಖಂಡಿತ ಬೇಡ. ಬಂದವರಿಗೆ ಪರದೆ ಕಾಣುವ ಹಾಗೆ ನಿಮ್ಮ ಪಕ್ಕದಲ್ಲೇ ಒಂದು ಕುರ್ಚಿ ಹಾಕಿ.

ಯಾರ ಅರ್ಜಿಗೂ ನಿಮ್ಮ ನಂಬರ್ ಹಾಕಬೇಡಿ. ಒಂದೇ ಒಂದಕ್ಕೂ ಬೇಡ. ಫೋನ್ ಮನೆಯಲ್ಲಿ ಬಿಟ್ಟು ಬಂದಿದ್ದರೆ ನಾಳೆ ಬರಲು ಹೇಳಿ, ಕೋಪ ಮಾಡಿಕೊಂಡರೂ ಪರವಾಗಿಲ್ಲ. ಮನೆಯಲ್ಲಿ ಫೋನೇ ಇಲ್ಲದಿದ್ದರೆ ಅವರ ಅಕ್ಕನದೋ ಭಾವನದೋ ನಂಬರ್, ಅದೂ ಆ ಭಾವನಿಗೆ ಅಲ್ಲೇ ಫೋನ್ ಮಾಡಿ ತಿಳಿಸಿದ ಮೇಲೆ. ಪಾಸ್‌ವರ್ಡ್ ಅವರೇ ಒತ್ತಲಿ. ನಾನು ಈಗ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅರ್ಜಿ ಸಂಖ್ಯೆ, ಹಾಕಿದ ನಂಬರ್, ತಿದ್ದುಪಡಿಗೆ ಕೊನೇ ದಿನ, ಮುಂದೆ ಏನು ಬರುತ್ತೆ, ಯಾವ ತಿಂಗಳು ಬಂದು ಕೇಳಬೇಕು. ಕೊನೆಯಲ್ಲಿ 'ಈ ನಂಬರ್‌ಗೆ ರೀಚಾರ್ಜ್ ನಿಲ್ಲಿಸಬೇಡಿ' ಅಂತ ಕೆಂಪು ಪೆನ್ನಿನಲ್ಲಿ ನಾನೇ ಬರೆಯುತ್ತೇನೆ. ಒಂದು ಅರ್ಜಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಪಕ್ಕದ ಬೀದಿಯ ಸೆಂಟರ್‌ನವರು ಅಷ್ಟರಲ್ಲಿ ಮೂರು ಮುಗಿಸುತ್ತಾರೆ. ಮುಗಿಸಲಿ.

ಸರ್ಕಾರ ಉಚಿತ ಅಂದಿರುವ ನೋಂದಣಿಗೆ ದುಡ್ಡು ಕೇಳಬೇಡಿ. ವಯಸ್ಸಾದವರ ಹೆಬ್ಬೆಟ್ಟಿಗೆ ತಾಳ್ಮೆ ಇಟ್ಟುಕೊಳ್ಳಿ. ನಮ್ಮ ಕಡೆ ಕಾಯಿ ಸುಲಿದು ಸುಲಿದು ಗೆರೆಗಳೇ ಸವೆದಿರುತ್ತವೆ. ಮೊನ್ನೆ ಒಬ್ಬ ಅಜ್ಜ ಏಳು ಸಲ ಬೆರಳಿಟ್ಟರು, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟರು. ಕೊನೆಗೆ ಎಡಗೈ ಉಂಗುರಬೆರಳು ಹಿಡಿಯಿತು. ಹಿಡಿದ ಕೂಡಲೇ ಆ ಬೆರಳನ್ನೇ ಎತ್ತಿ ಹಿಡಿದುಕೊಂಡು, 'ಇದ್ನ ಜ್ಞಾಪಕ ಮಡಿಕ್ಕೊ ಮಗಾ' ಅಂದರು. ಅವರ ಹಾಳೆಯಲ್ಲಿ ಅದನ್ನೂ ಬರೆದುಕೊಟ್ಟೆ.

ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತಲೂ ಕೇಳಿದ್ದೀರಿ. ಅದು ಊರಿಂದ ಊರಿಗೆ, ಸೀಸನ್‌ನಿಂದ ಸೀಸನ್‌ಗೆ ಬೇರೆ. ನಾನು ಬದುಕುತ್ತಿದ್ದೇನೆ, ಮಗಳನ್ನು ಓದಿಸುತ್ತಿದ್ದೇನೆ. ಮಳಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಸ್ಕಾಲರ್‌ಶಿಪ್ ಅರ್ಜಿ ಕರೆದಾಗ ಯಾವುದಾದರೂ ಸೆಂಟರ್‌ನಲ್ಲಿ ಒಂದು ವಾರ ಸುಮ್ನೆ ಕೂತು ನೋಡಿ. ಯಾರೂ ಸೇರಿಸದಿದ್ದರೆ ನನ್ನ ಅಂಗಡಿಗೆ ಬನ್ನಿ. ಆ ನೋಟ್‌ಬುಕ್‌ನಲ್ಲಿ ಇನ್ನೂ 31 ಹೆಸರು ಸಿಕ್ಕಿಲ್ಲ, ಹುಡುಕೋದಕ್ಕೆ ನನಗೂ ಒಬ್ಬರು ಬೇಕು.